ಹಲ್ಲಿನ ಡಾಕ್ಟರ ಕುರ್ಚಿ ಮತ್ತು ಮೂಲೆಯ ಬುಟ್ಟಿ

ಸಾಮಾನು ಯಾವುದೇ ಇರಲಿ, ಮೊದಲು ರೇಟು ಹೇಳಬೇಕು, ಆಮೇಲೆ ಗುಣ ಹೇಳಬೇಕು. ಇದು ನನ್ನ ವ್ಯಾಪಾರದ ನಿಯಮ. ಆದ್ದರಿಂದ ಈ ಕಥೆಯ ರೇಟನ್ನೂ ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ನನಗೆ ಹೋದದ್ದು: ಹಲ್ಲಿನ ಡಾಕ್ಟರರ ಒಂದು ಕುರ್ಚಿ, ಅದೂ ಏರಿಸಿ ಇಳಿಸುವಂಥದ್ದು, ಒಂದು ಕಂಪನಿಯ ಗಿರಾಕಿ, ರಾಯಚೂರಿನಿಂದ ದೇವದುರ್ಗದವರೆಗೆ ನನಗಿದ್ದ ಶಾಣ್ಯಾ, ಅಂದರೆ ಜಾಣ, ಎಂಬ ಹೆಸರು, ಮತ್ತು ನನ್ನ ಹೆಂಡತಿ ಶರಣಮ್ಮನ ಕಣ್ಣಿನ ಅಂಚಿನ ನೋಟ.

ಮೊದಲಿನವು ಹೋದದ್ದಕ್ಕೆ ನನಗೆ ದುಃಖವಿಲ್ಲ. ಮತ್ತೆ ಗಳಿಸಬಹುದು. ಕೊನೆಯದು ಎಷ್ಟೋ ವರ್ಷಗಳಿಂದ ತುಸು ತುಸುವೇ ಹೋಗುತ್ತಿತ್ತಂತೆ. ಅದು ಬೇರೆಯವರ ಕಣ್ಣಿಗೆ ಬೀಳುವಂಥ ಒಂದು ದಿನ ಬಂದಿತ್ತು. ಆ ದಿನ ನಾನೇ ಅಡ್ಡ ನಿಂತೆ. ಕಾರಣ ಕೇಳಿದರೆ, ನನ್ನ ಶಾಣ್ಯಾತನ!

ನಾನು ಪೋತ್ನಾಳದವನು. ಮಾನ್ವಿ ಸುತ್ತಲಿನ ಅಕ್ಕಿ ಗಿರಣಿಗಳಲ್ಲಿ ಖಾಲಿ ಗೋಣಿಚೀಲ ಕೊಂಡು, ಸೈಕಲ್ ಮೇಲೆ ಹೇರಿ, ಊರೂರು ತಿರುಗಿ ಮಾರಿ ಮೇಲೆ ಬಂದವನು. ಈಗ ರಾಯಚೂರಿನ ಗಂಜ್ ರಸ್ತೆಯಲ್ಲಿ ಹಳೆಯ ಫರ್ನಿಚರಿನ ನನ್ನದೇ ಅಂಗಡಿ ಇದೆ. ಮುಚ್ಚಿದ ಹೋಟೆಲಿನ ಟೇಬಲ್ಲು, ಎತ್ತಂಗಡಿಯಾದ ಆಫೀಸಿನ ಕುರ್ಚಿ, ವರ್ಗವಾಗಿ ಹೋದ ಸಾಹೇಬರ ಮಂಚ, ಎಲ್ಲವೂ ನನ್ನ ಕೈ ಮೇಲೆಯೇ ಹೋಗಬೇಕು. ಕಟ್ಟಿಗೆಯನ್ನು ಬೆರಳಿನಿಂದ ಒಮ್ಮೆ ತಟ್ಟಿದರೆ ಸಾಕು, ಒಳಗೆ ಹುಳ ಬಿದ್ದಿದೆಯೋ ಇಲ್ಲವೋ ಹೇಳುತ್ತೇನೆ. ಇಂಥ ಪಾರಖಿ ಈ ಜಿಲ್ಲೆಯಲ್ಲಿ ಮತ್ತೊಬ್ಬನಿಲ್ಲ ಎಂದು ಜನ ಅನ್ನುತ್ತಿದ್ದರು. ಜನ ಅನ್ನದಿದ್ದ ದಿನ ನಾನೇ ಅನ್ನುತ್ತಿದ್ದೆ.

ಅಂಗಡಿಯಲ್ಲಿ ಹಿಡಿಯದ ಸಾಮಾನು ಮನೆಗೆ ಬರುತ್ತಿತ್ತು. ಇವತ್ತು ಬಾಗಿಲ ಹತ್ತಿರವಿದ್ದ ಕಪಾಟು ನಾಳೆ ಕಿಟಕಿಯ ಹತ್ತಿರ. ನಾಡಿದ್ದು ಕಪಾಟು ಮಾರಿಹೋಗಿ ಅಲ್ಲೊಂದು ಸೋಫಾ. ಶರಣಮ್ಮ ಚೀಕಲಪರ್ವಿಯ ಹೊಳೆದಂಡೆಯ ಮನೆಯಿಂದ ಬಂದವಳು. ಅಲ್ಲಿ ಅವರಜ್ಜ ಇಟ್ಟ ಕಾಳಿನ ಡಬ್ಬಿ ಇನ್ನೂ ಅದೇ ಜಾಗದಲ್ಲಿದೆ. ಹಾಗಾಗಿ ಅವಳಿಗೆ ನನ್ನ ವ್ಯಾಪಾರ ತಿಳಿಯುವುದಿಲ್ಲ ಎಂಬುದು ನನ್ನ ತೀರ್ಮಾನವಾಗಿತ್ತು. ಅವಳು ಸೀರೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ಇಡೀ ಸಂಸಾರದಲ್ಲಿ ಅವಳದು ಒಂದೇ ತಕರಾರು: "ಇಟ್ಟದ್ದು ಇಟ್ಟಲ್ಲೇ ಇರ್ಲಿ ರೀ."

ಇಂಥ ಮನೆಗೆ ಬಂತು ಹಲ್ಲಿನ ಡಾಕ್ಟರ ಕುರ್ಚಿ.

ಯಾವುದೋ ದವಾಖಾನೆ ಮುಚ್ಚಿದಾಗ ಗಿಟ್ಟಿದ ಮಾಲು. ಕೆಳಗೆ ಒಂದು ಪೆಡಲು, ಒತ್ತಿದರೆ ಮೇಲೇರುತ್ತದೆ. ಪಕ್ಕದಲ್ಲಿ ಬಾಯಿ ಮುಕ್ಕಳಿಸುವ ತಟ್ಟೆ. ಕೊಳ್ಳುವವರು ಸಿಗುವವರೆಗೆ ಇರಲಿ ಎಂದು ಅದನ್ನು ಪಡಸಾಲೆಯಿಂದ ಅಡುಗೆಮನೆಗೆ ಹೋಗುವ ಹಾದಿಯಲ್ಲಿಟ್ಟೆ. ಹೊತ್ತು ಮುಳುಗುವಾಗ ಅದರಲ್ಲಿ ಕಾಲು ಚಾಚಿ ಕೂತು, ಮುಕ್ಕಳಿಸುವ ತಟ್ಟೆಯಲ್ಲಿ ಚಹದ ಕಪ್ಪು ಇಟ್ಟುಕೊಂಡು ಟಿವಿ ನೋಡುವುದೆಂದರೆ ನಿಜಾಮನಿಗೂ ಸಿಗದ ಸುಖ. ಶರಣಮ್ಮ ಮಾತ್ರ ಅದರ ಕೈಗೆ ದಿನಕ್ಕೊಮ್ಮೆ ಸೊಂಟ ತಾಗಿಸಿಕೊಂಡು "ಯವ್ವಾ" ಅನ್ನುತ್ತಿದ್ದಳು. ಕುರ್ಚಿಯ ಮೇಲಿನ ಸಿಟ್ಟಿಗೆ ಬೇಕಂತಲೇ ತಾಗಿಸಿಕೊಳ್ಳುತ್ತಾಳೆ ಎಂದು ನಾನು ತಿಳಿದಿದ್ದೆ.

ಇನ್ನೂ ಕೆಲವು ತಿಳಿದಿದ್ದೆ. ಮಾತಾಡುವಾಗ ಅವಳು ತಲೆ ಓರೆ ಮಾಡಿ ನೋಡುತ್ತಿದ್ದಳು. ಅದು ನನ್ನ ಮಾತಿನ ಮೇಲಿನ ಅಸಡ್ಡೆ ಎಂದು ತಿಳಿದಿದ್ದೆ. ಪಕ್ಕದ ಮನೆಯ ಪಾರ್ವತಮ್ಮ ಓಣಿಯಲ್ಲಿ ಸಮೀಪವೇ ಬಂದು ನಿಂತರೂ ಇವಳು ಮಾತಾಡಿಸದೆ ಹೋಗುತ್ತಿದ್ದಳು. "ನಿಮ್ಮಕಿಗೆ ದೌಲತ್ತು ಬಂದದ ಬಿಡ್ರಿ," ಎಂದು ಪಾರ್ವತಮ್ಮ ನನ್ನ ಮುಂದೆ ಆಡಿಕೊಂಡಾಗ ನಾನು ಒಳಗೊಳಗೆ ಹಿಗ್ಗಿದೆ. ಗೋಣಿಚೀಲ ಮಾರಿದವನ ಹೆಂಡತಿಗೆ ದೌಲತ್ತು ಬರಬೇಕೆಂದರೆ ನಾನು ಎಷ್ಟು ಮೇಲೆ ಬಂದಿರಬೇಕು! ರೊಟ್ಟಿ ಮಾತ್ರ ಒಂದು ದಿನವೂ ಕೆಡಲಿಲ್ಲ. ಚಂದ್ರನ ಹಾಗೆ ದುಂಡಗೆ, ಅಂಚು ಹರಿಯದಂತೆ. ರೊಟ್ಟಿ ಬಡಿಯಲು ಕಣ್ಣು ಬೇಕಿಲ್ಲ, ಅಂಗೈಗೆ ಗೊತ್ತಿರುತ್ತದೆ ಎಂಬುದು ನನಗೆ ಗೊತ್ತಾದದ್ದು ಈಚೆಗೆ.

ಹೀಗಿರುವಾಗ ಒಂದು ದಿನ ಅಂಗಡಿಗೆ ಮೇಘನಾ ಎಂಬ ಹುಡುಗಿ ಬಂದಳು. ಮೈಸೂರು ಕಡೆಯವಳು, ಯಾವುದೋ ಕಂಪನಿಯ ಕೆಲಸದ ಮೇಲೆ ಬಂದಿದ್ದಳು. ಒಂದು ಟೇಬಲ್ಲು, ಒಂದೆರಡು ಕುರ್ಚಿ ಬಾಡಿಗೆಗೆ ಬೇಕಿತ್ತು. ಟೇಬಲ್ಲು ಕೇಳಲು ಬಂದವರಿಗೆ ಬರೀ ಟೇಬಲ್ಲು ಕೊಟ್ಟು ಕಳಿಸಿದರೆ ನಾನೆಂಥ ವ್ಯಾಪಾರಿ? ಯಾಕೆ, ಏನು, ಎತ್ತ ಎಂದು ವಿಚಾರಿಸಿದೆ. ಅವರ ಕಂಪನಿ ಮನೆಗೆ ಕಿರಾಣಿ ಸಾಮಾನು ತರಿಸುವ ಒಂದು ಆ್ಯಪ್ ಮಾಡುತ್ತಿತ್ತು. ದೊಡ್ಡ ಊರಿನವರಿಗಲ್ಲ, ನಮ್ಮಂಥ ಊರುಗಳಿಗೆ. ಬಿಡುಗಡೆ ಮಾಡುವ ಮೊದಲು ರಾಯಚೂರು, ದೇವದುರ್ಗ, ಮಾನ್ವಿಯ ಸಾಮಾನ್ಯ ಜನರ ಕೈಗೆ ಕೊಟ್ಟು, ಅವರು ಹೇಗೆ ಬಳಸುತ್ತಾರೆಂದು ಪಕ್ಕದಲ್ಲಿ ಕೂತು ನೋಡಬೇಕಂತೆ. ಅದಕ್ಕೆ ಯೂಸರ್ ಟೆಸ್ಟಿಂಗ್ ಅನ್ನುತ್ತಾರಂತೆ.

"ಅಂದ್ರ ನಮ್ಮ ಮಂದಿಗೆ ಪರೀಕ್ಷಾ," ಎಂದೆ.

"ಜನರಿಗಲ್ಲ ಅಂಕಲ್, ಆ್ಯಪಿಗೆ ಪರೀಕ್ಷೆ. ಅವರು ಎಲ್ಲಾದ್ರೂ ತಪ್ಪಿದ್ರೆ ಅದು ನಮ್ಮ ತಪ್ಪು. ಎಲ್ಲಿ ತಪ್ತಾರೆ ಅಂತ ನೋಡೋಕೇ ನಾನು ಬಂದಿರೋದು."

ಗಿರಾಕಿ ತಪ್ಪಿದರೆ ಅದು ಅಂಗಡಿಯವನ ತಪ್ಪು ಎನ್ನುವ ವ್ಯಾಪಾರ ಬಹಳ ದಿನ ನಡೆಯುವುದಿಲ್ಲ ಎಂದು ನನಗೆ ಅಲ್ಲೇ ಅನಿಸಿತು. ಪಾಪದ ಹುಡುಗಿ. ಉಪಕಾರ ಮಾಡೋಣ ಎಂದುಕೊಂಡೆ. ಅಂಗಡಿಯ ಮೇಲಿನ ಕೋಣೆ, ಟೇಬಲ್ಲು, ಕುರ್ಚಿ, ನಡುವೆ ಒಂದು ಪರದೆ, ಚಹ, ಮಂಡಾಳ ಒಗ್ಗರಣೆ, ಮತ್ತು ಪರೀಕ್ಷೆಗೆ ಬರುವ ಏಳೆಂಟು ಜನ, ಎಲ್ಲವನ್ನೂ ನಾನೇ ಒದಗಿಸುತ್ತೇನೆಂದು ಒಟ್ಟಿಗೆ ಗುತ್ತಿಗೆ ಮಾತಾಡಿದೆ. ಅವಳು ಒಪ್ಪಿ ತನ್ನ ಷರತ್ತು ಹೇಳಿದಳು. ಬರುವವರು ನನ್ನ ಸಂಬಂಧಿಕರಾಗಿರಬಾರದು. ಅವರಿಗೆ ಮೊದಲೇ ಆ್ಯಪ್ ತೋರಿಸಬಾರದು. ಮನಸ್ಸಿಗೆ ಬಂದದ್ದನ್ನು ಅವರು ಬಾಯಿಬಿಟ್ಟು ಹೇಳುತ್ತಾ ಹೋಗಬೇಕು, ಆಗ ಹತ್ತಿರ ಯಾರೂ ಮಾತಾಡಬಾರದು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಷರತ್ತಿಗೆ ತಲೆಯಾಡಿಸಲು ಖರ್ಚೇನೂ ಬೀಳುವುದಿಲ್ಲ.

ಕೋಣೆಯಲ್ಲಿ ನೆಟ್‌ವರ್ಕ್ ಸಿಗುತ್ತದೋ ಇಲ್ಲವೋ ನೋಡಿಡಿ ಎಂದು ಅವಳು ಆ್ಯಪ್ ಇದ್ದ ಒಂದು ಫೋನು ಕೊಟ್ಟು ಹೋದಳು. ಪ್ರಶ್ನೆಪತ್ರಿಕೆಯನ್ನೇ ಕೈಗೆ ಕೊಟ್ಟು ಹೋದ ಹಾಗಾಯಿತು.

ನೀವೇ ಹೇಳಿ, ನಾನು ಕರೆತಂದ ಮಂದಿ ಫೇಲಾದರೆ ನನ್ನ ಮರ್ಯಾದೆ ಉಳಿಯುತ್ತದೆಯೇ? ಅಲುಗುವ ಕುರ್ಚಿ ಮಾರುವಾಗ ಗಿರಾಕಿ ಕೂರುವುದಕ್ಕೆ ಮೊದಲೇ ಕಾಲಿನ ಕೆಳಗೆ ರಟ್ಟಿನ ತುಂಡು ಸಿಕ್ಕಿಸುವವನು ನಾನು. ಅದೇ ಕೆಲಸ ಇಲ್ಲೂ ಮಾಡಿದೆ. ಪರೀಕ್ಷೆಯ ದಿನ ಬಂದವರನ್ನೆಲ್ಲ ಮೊದಲು ಕೆಳಗೆ ಅಂಗಡಿಯಲ್ಲಿ ಕೂರಿಸಿ, ಚಹ ಕೊಟ್ಟು, ಟ್ಯೂಷನ್ ಮಾಡಿಯೇ ಮೇಲೆ ಕಳಿಸಿದೆ. ಆ್ಯಪಿನಲ್ಲಿ ಕಷ್ಟದ ಜಾಗ ಒಂದೇ. ಬೇಳೆಯನ್ನೋ ಎಣ್ಣೆಯನ್ನೋ ಆರಿಸಿದ ಮೇಲೆ ಬುಟ್ಟಿಯ ಚಿತ್ರ ಒತ್ತಬೇಕು. ಆ ಬುಟ್ಟಿಯೋ, ಮೇಲೆ ಬಲಗಡೆಯ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು. ನನಗೇ ಸಿಗಲು ತಡವಾಗಿತ್ತು. "ಬ್ಯಾಳಿ ಒತ್ರಿ, ಬಲಕ್ಕ ಮ್ಯಾಲಿನ ಮೂಲಿ ಒತ್ರಿ, ಚಲೋ ಅದ ಅನ್ರಿ, ಇಳಿದು ಬರ್ರಿ," ಇಷ್ಟೇ ನನ್ನ ಪಾಠ. ಮರೆತರೆ ಗುರುತಿಗೆ ಪರದೆಯ ಆಚೆ ನಾನು ಕೆಮ್ಮುತ್ತೇನೆ. ಕೆಮ್ಮಿದರೆ ಮೂಲೆ ಎಂದರ್ಥ.

ಎಲ್ಲ ಸರಿಯಾಯಿತು ಅನ್ನುವಷ್ಟರಲ್ಲಿ ದೇವದುರ್ಗದಿಂದ ಬರಬೇಕಿದ್ದ ಶಾಂತಮ್ಮ ಎಂಬಾಕೆ ಬರುವುದಿಲ್ಲವೆಂದು ಫೋನ್ ಮಾಡಿದಳು. ಒಂದು ತಲೆ ಕಡಿಮೆಯಾದರೆ ಗುತ್ತಿಗೆಗೆ ಕುಂದು. ಸೀದಾ ಮನೆಗೆ ಹೋದೆ. ಶರಣಮ್ಮ ಒಲೆಯ ಮುಂದಿದ್ದಳು.

"ಸ್ವಲ್ಪ ಹೊತ್ತು ದೇವದುರ್ಗದ ಶಾಂತಮ್ಮ ಆಗು," ಎಂದೆ.

"ನಾ ಒಲ್ಲೆ. ನನಗ ಫೋನಿನಾಗಿಂದು ಸರಿ ಕಾಣಂಗಿಲ್ಲ."

"ಕಾಣೋದು ಬ್ಯಾಡ. ಎಲ್ಲಿ ಒತ್ತಬೇಕು ಅಂತ ನಾ ಹೇಳ್ತೀನಲ್ಲ."

ಈ ಎರಡು ಮಾತನ್ನು ದಯವಿಟ್ಟು ನೆನಪಿಡಿ. ನಾನಂತೂ ಮರೆಯಲಾರೆ. ಅವಳು ಸ್ಪಷ್ಟವಾಗಿ ಹೇಳಿದ್ದಳು, ನಾನು ಅದನ್ನು ಚೌಕಾಸಿಯ ಮೊದಲ ಮಾತೆಂದು ತಿಳಿದೆ.

ಅವಳೂ ಚೌಕಾಸಿಗೆ ಇಳಿದಳು. "ಹಂಗಾದ್ರ ಆ ಹಲ್ಲಿನ ಕುರ್ಚಿ ಹಾದಿಯಿಂದ ತೆಗೀರಿ. ತೆಗೆದ್ರ ಬರ್ತೀನಿ."

ತೆಗೆಯುತ್ತೇನೆಂದು ಮಾತು ಕೊಟ್ಟೆ. ರೊಟ್ಟಿಹಂಚಿನ ಪಕ್ಕದಲ್ಲಿಯೇ ಟ್ಯೂಷನ್ ಆಯಿತು. ಅವಳು ಫೋನನ್ನು ಮುಖದ ಹತ್ತಿರ ತಂದು, ಬೆರಳನ್ನು ಅಂಚಿನ ಗುಂಟ ಸರಿಸುತ್ತಾ ಮೂಲೆಯವರೆಗೆ ಒಯ್ದು, ಅಲ್ಲಿ ಒತ್ತುವುದನ್ನು ರೂಢಿ ಮಾಡಿಕೊಂಡಳು. ಕತ್ತಲಲ್ಲಿ ಗೋಡೆ ಹಿಡಿದು ಹೋಗುವ ಹಾಗೆ. ಎಷ್ಟು ಬೇಗ ಕಲಿತಳಲ್ಲ ಎಂದು ನಾನು ಸಂತೋಷಪಟ್ಟೆ.

ಪರೀಕ್ಷೆ ನಡೆಯಿತು. ನಾನು ಪರದೆಯ ಹಿಂದೆ. ದೇವದುರ್ಗದ ಹಿಟ್ಟಿನ ಗಿರಣಿಯ ಮಲ್ಲಣ್ಣ, ಫೋನಿನ ಬೆಳಕು ಹತ್ತುವುದಕ್ಕೆ ಮೊದಲೇ "ಭಾಳ ಚಲೋ ಅದ ಬಿಡ್ರಿ" ಎಂದುಬಿಟ್ಟ. ಏನು ಚೆನ್ನಾಗಿದೆ ಎಂದು ಮೇಘನಾ ಕೇಳಿದ್ದಕ್ಕೆ, ನೀವು ಇಷ್ಟು ದೂರದಿಂದ ಬಂದೀರಿ, ಚಲೋ ಇಲ್ಲ ಅಂತ ಹೆಂಗ ಅನ್ನಲಿ ಎಂದ. ಮಾನ್ವಿಯ ದರ್ಜಿ ಖಾಜಾಮಿಯಾ ಬೇಳೆ ತರಿಸುವುದರ ಜೊತೆಗೆ ಅವಳನ್ನು ಮನೆಗೆ ಊಟಕ್ಕೂ ಕರೆದ. ಒಬ್ಬರೂ ತಪ್ಪಲಿಲ್ಲ. ಎಲ್ಲರ ಬೆರಳೂ ಬಾಣದಂತೆ ಮೂಲೆಗೇ ಹೋಯಿತು. ಕೊನೆಗೆ ಶರಣಮ್ಮ. ಬೇಳೆ, ಮೂಲೆ, ಚಲೋ ಅದ. ಎಲ್ಲರಿಗಿಂತ ಬೇಗ ಮುಗಿಸಿದವಳು ಅವಳೇ. ನನ್ನ ಹೆಂಡತಿ ಮೊದಲನೇ ನಂಬರು!

ಸಂಜೆ ಸಾಮಾನು ಕಟ್ಟುವಾಗ ಮೇಘನಾ ಯೋಚನೆಯಲ್ಲಿದ್ದಳು. "ಅಂಕಲ್, ಆ ಬುಟ್ಟಿ ನಮ್ಮ ಆಫೀಸಿನವರಿಗೇ ಸಿಕ್ಕಿರ್ಲಿಲ್ಲ. ಇಲ್ಲಿ ಎಲ್ಲರಿಗೂ ಒಂದೇ ಸಲಕ್ಕೆ ಸಿಕ್ಕಿದೆ."

"ನಮ್ಮ ಮಂದಿ ಶಾಣ್ಯಾರು ರೀ," ಎಂದೆ.

"ಆ ಶಾಂತಮ್ಮ ಅನ್ನೋರು ಒತ್ತುವಾಗ ಸ್ಕ್ರೀನ್ ಕಡೆ ನೋಡ್ತಾನೇ ಇರ್ಲಿಲ್ಲ."

"ಅಷ್ಟು ಶಾಣ್ಯಾಕಿ," ಎಂದೆ.

ಅವಳು ಏನೋ ಬರೆದುಕೊಂಡು ಊರಿಗೆ ಹೋದಳು. ಮಳೆಗಾಲ ಕಳೆದ ಮೇಲೆ ಹೊಸ ಮಾದರಿ ತೆಗೆದುಕೊಂಡು ಬರುತ್ತೇನೆ, ಇದೇ ಜನ ಬೇಕು, ಆ ಶಾಂತಮ್ಮ ಖಂಡಿತ ಬೇಕು ಎಂದಳು. ನಾನು ರಟ್ಟಿನ ತುಂಡು ಸಿಕ್ಕಿಸದೆ ಇದ್ದಿದ್ದರೆ ಆ ದಿನವೇ ಕಾಲು ಅಲುಗುವುದು ಅವಳ ಕಣ್ಣಿಗೆ ಬೀಳುತ್ತಿತ್ತು. ಆ ಮಳೆಗಾಲವಿಡೀ ಶರಣಮ್ಮನ ಕಣ್ಣಿನೊಳಗೆ ಏನೇನು ಹೋಯಿತೋ ದೇವರಿಗೇ ಗೊತ್ತು.

ಇನ್ನು ಕುರ್ಚಿಯ ಮಾತು. ಕೊಟ್ಟ ಮಾತಿಗೆ ತಪ್ಪುವವನು ನಾನಲ್ಲ. ಮಳೆಗಾಲ ಮುಗಿಯುವ ಹೊತ್ತಿಗಾದರೂ ಕುರ್ಚಿಯನ್ನು ಹಾದಿಯಿಂದ ತೆಗೆದೆ. ತೆಗೆದು ಬಚ್ಚಲ ಬಾಗಿಲ ಪಕ್ಕದ ಗೋಡೆಗೆ ಇಟ್ಟೆ. ಹಾದಿಯಿಂದ ತೆಗೆಯಬೇಕು ಎಂದಷ್ಟೇ ಕರಾರಾಗಿತ್ತು. ಎಲ್ಲಿ ಇಡಬೇಕೆಂದು ಆಗಿರಲಿಲ್ಲ. "ಕುರ್ಚಿ ತೆಗೆದೆ ನೋಡು," ಎಂದು ಅಡುಗೆಮನೆಯತ್ತ ಕೂಗಿ ಹೇಳಿ, ಕರಾರು ಗೆದ್ದ ಖುಷಿಯಲ್ಲಿ ಅಂಗಡಿಗೆ ಹೊರಟೆ.

ಮಟಮಟ ಮಧ್ಯಾಹ್ನ ಪಾರ್ವತಮ್ಮನ ಫೋನು ಬಂತು. ಹೋಗಿ ನೋಡಿದರೆ ಶರಣಮ್ಮ ಕೆಳಗೆ ಕೂತು ಬಲಗೈ ಹಿಡಿದುಕೊಂಡಿದ್ದಳು. ಮಣಿಕಟ್ಟು ಬಾತುಹೋಗಿತ್ತು. ಬಚ್ಚಲಿನಿಂದ ಬರುವಾಗ ಕುರ್ಚಿಯ ಪೆಡಲಿಗೆ ಕಾಲು ಸಿಕ್ಕು ಬಿದ್ದಿದ್ದಳು. ಬಿದ್ದ ರಭಸಕ್ಕೆ ಪೆಡಲು ಒತ್ತಿಕೊಂಡು ಕುರ್ಚಿ ಮಾತ್ರ ಗಂಭೀರವಾಗಿ ಮೇಲೇರಿ ನಿಂತಿತ್ತು.

"ಇಷ್ಟು ದೊಡ್ಡ ಕುರ್ಚಿ ಕಾಣ್ಲಿಲ್ಲೇನು ನಿನಗ?" ಎಂದೆ.

"ತೆಗೆದೆ ಅಂದಿದ್ರಿ," ಎಂದಳು.

ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ನಾನು ಎದುರು ವಾದಿಸುತ್ತಿದ್ದೆ, ನನ್ನ ಹತ್ತಿರ ವಾದ ತಯಾರಿತ್ತು. ಕೈಗೆ ಪಟ್ಟಿ ಹಾಕಿಸಿಕೊಂಡು ಬಂದೆವು. ಮನೆಗೆ ಬಂದ ಮೇಲೆ ಅವಳು ಎಡಗೈಯನ್ನು ಗೋಡೆಯ ಗುಂಟ ಸರಿಸುತ್ತಾ, ಕಪಾಟು ಎಲ್ಲಿದೆ, ಸ್ಟೂಲು ಎಲ್ಲಿದೆ ಎಂದು ಒಂದೊಂದನ್ನೇ ಮುಟ್ಟಿ ನೋಡುತ್ತಾ ಮನೆಯೆಲ್ಲ ಒಂದು ಸುತ್ತು ಬಂದಳು. ಧೂಳು ನೋಡುತ್ತಿದ್ದಾಳೆ ಎಂದು ತಿಳಿದೆ. ಪಾರಖಿ ನಾನು!

ಮಳೆ ಕಳೆದು ಮೇಘನಾ ಬಂದಳು. ಈ ಸಲ ಫೋನನ್ನು ನನ್ನ ಕೈಗೆ ಕೊಡಲಿಲ್ಲ, ಚೀಲದಿಂದ ಹೊರಗೇ ತೆಗೆಯಲಿಲ್ಲ. ಇರಲಿ, ಪಾಠ ಹಳೆಯದೇ ಸಾಕು ಎಂದುಕೊಂಡು ಮತ್ತೆ ಅದನ್ನೇ ಎಲ್ಲರಿಗೂ ಹೇಳಿಕೊಟ್ಟೆ. ಮೊದಲು ಶಾಂತಮ್ಮನೇ ಬರಲಿ ಎಂದಳು ಮೇಘನಾ. ಕೈಗೆ ಪಟ್ಟಿ ಕಟ್ಟಿಕೊಂಡ ಶರಣಮ್ಮ ಕೂತಳು. ನಾನು ಪರದೆಯ ಹಿಂದೆ ಗಂಟಲು ಸರಿಮಾಡಿಕೊಂಡು ನಿಂತೆ.

ನನಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಕಂಪನಿಯವರು ಬುಟ್ಟಿಯನ್ನು ಕೆಳಗೆ ಎಡಗಡೆಗೆ ಸರಿಸಿದ್ದರು. ಮೇಲಿನ ಬಲಮೂಲೆಯಲ್ಲಿ ಈಗ ಒಂದು ಅಡ್ಡಗೀಟಿನ ಗುರುತು. ಅದನ್ನು ಒತ್ತಿದರೆ ಆರಿಸಿದ್ದೆಲ್ಲ ಅಳಿಸಿಹೋಗುತ್ತದೆ.

ಶರಣಮ್ಮ ಬೇಳೆ ಆರಿಸಿದಳು. ಬೆರಳನ್ನು ಅಂಚಿನ ಗುಂಟ ಮೇಲಕ್ಕೊಯ್ದು ಮೂಲೆ ಒತ್ತಿದಳು. ಬೇಳೆ ಹೋಯಿತು. ಮತ್ತೆ ಆರಿಸಿದಳು, ಮತ್ತೆ ಒತ್ತಿದಳು, ಮತ್ತೆ ಹೋಯಿತು. ಪರದೆಯ ಸಂದಿಯಿಂದ ನೋಡುತ್ತಿದ್ದೆ. ಮೂಲೆ ತಪ್ಪಿರಬೇಕೆಂದು ಕೆಮ್ಮಿದೆ. ಕೆಮ್ಮಿದ ಕೂಡಲೇ ಅವಳು ವಿಧೇಯಳಾಗಿ ಅದೇ ಮೂಲೆ ಒತ್ತಿದಳು. ಮತ್ತೆ ಬೇಳೆ ಹೋಯಿತು. ನಾನು ಇನ್ನೂ ಜೋರಾಗಿ ಕೆಮ್ಮಿದೆ.

ಮೇಘನಾ ಮೆಲ್ಲಗೆ ಕೇಳಿದಳು: "ಅಮ್ಮ, ಈಗ ಏನನ್ನಿಸ್ತಿದೆ, ಹಾಗೇ ಹೇಳಿ. ಇಲ್ಲಿ ತಪ್ಪು ಅನ್ನೋದೇ ಇಲ್ಲ."

ತಪ್ಪು ಅನ್ನುವುದೇ ಇಲ್ಲ ಎಂದು ಆ ಹೆಣ್ಣುಮಗಳಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ. ಬೆರಳನ್ನು ಮೂಲೆಯಿಂದ ತೆಗೆದಳು. ಆಮೇಲೆ ಹೇಳಿದಳು:

"ಏನನಿಸ್ತದವ್ವ, ಇದನ್ನೂ ಸರಿಸ್ಯಾರ ಅನಸ್ತದ. ನಮ್ಮ ಮನ್ಯಾಗೂ ಹಿಂಗ. ಎದುರಿಗಿದ್ದದ್ದು ಕಾಣ್ತದ. ಬಾಜೂಕಿದ್ದದ್ದು ಕಾಣಂಗಿಲ್ಲ, ನೆನಪಿನ ಮ್ಯಾಲ ನಡಸ್ತೀನಿ. ಇಲ್ಲಿ ಸ್ಟೂಲು, ಇಲ್ಲಿ ಕಪಾಟು ಅಂತ ಬಾಯಿಪಾಠ ಮಾಡ್ಕೊಂಡಿರ್ತೀನಿ. ಮರುದಿನ ನೋಡಿದ್ರ ಅಲ್ಲಿರಂಗಿಲ್ಲ. ಮತ್ತ ಮೊದಲಿಂದ ಶುರು ಮಾಡ್ಬೇಕು."

ನಾನು ಕೆಮ್ಮಿದೆ. ಇದು ಗುರುತಿನ ಕೆಮ್ಮಲ್ಲ. ತಾನಾಗಿಯೇ ಬಂದದ್ದು.

"ಕೆಮ್ಮಬ್ಯಾಡ್ರಿ," ಎಂದಳು ಶರಣಮ್ಮ ಪರದೆಯ ಕಡೆಗೆ ತಿರುಗಿ. "ನೀವು ಕಲಿಸಿದ ಮೂಲ್ಯಾಗ ಇಲ್ಲ ಅದು. ಮನಿಗೆ ಹೋಗಿ ಕಷಾಯ ಮಾಡಿಕೊಡ್ತೀನಿ."

ದೇವದುರ್ಗದ ಶಾಂತಮ್ಮ ರಾಯಚೂರಿನ ನನಗೆ ಯಾಕೆ ಕಷಾಯ ಮಾಡಿಕೊಡಬೇಕು? ಮೇಘನಾ ಎದ್ದು ಪರದೆ ಸರಿಸಿದಳು. ನಾನು ಬಾಯಿಗೆ ಟವೆಲ್ ಒತ್ತಿಕೊಂಡು ನಿಂತಿದ್ದೆ. ಆ ಹುಡುಗಿ ವಾಪಸು ಹೋಗಿ ಶರಣಮ್ಮನ ಎದುರು ಕೂತು, ನನ್ನ ಮೂಗನ್ನೇ ನೋಡುತ್ತಾ ಇರಿ ಎಂದು ಹೇಳಿ, ಒಂದು ಪೆನ್ನನ್ನು ದೂರದಿಂದ, ಪಕ್ಕದಿಂದ, ನಿಧಾನವಾಗಿ ತಂದಳು. ಕಂಡಾಗ ಹೇಳಿ ಎಂದಳು. ಪೆನ್ನು ಬಂತು, ಬಂತು, ಕಿವಿ ದಾಟಿತು, ಹುಬ್ಬಿನ ಕೊನೆ ದಾಟಿತು. ನಾನು ನಿಂತಲ್ಲಿಂದಲೇ ಮನಸ್ಸಿನಲ್ಲಿ ಈಗ ಹೇಳು, ಈಗ ಹೇಳು ಅನ್ನುತ್ತಿದ್ದೆ. ಅದು ಇನ್ನೇನು ಮೂಗಿನ ಹತ್ತಿರ ಬಂದಾಗ ಶರಣಮ್ಮ "ಹಾಂ, ಬಂತು" ಎಂದಳು.

"ನಮ್ಮಜ್ಜಿಗೂ ಹೀಗೇ ಆಗಿತ್ತು ಅಂಕಲ್. ಇವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ. ನಾಳೆ ಅನ್ಬೇಡಿ," ಎಂದಳು ಮೇಘನಾ.

ನಾಳೆ ಅನ್ನಲಿಲ್ಲ. ಡಾಕ್ಟರರು ಯಂತ್ರದ ಮುಂದೆ ಕೂರಿಸಿ, ಹನಿ ಹಾಕಿ, ಬೆಳಕು ಬಿಟ್ಟು ನೋಡಿದರು. ಗ್ಲಾಕೋಮಾ ಎಂದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ಒಳಗಿನ ನರ ಸೊರಗುತ್ತದೆ, ನೋವಿರುವುದಿಲ್ಲ, ಅಂಚಿನ ನೋಟ ಮೊದಲು ಹೋಗುತ್ತದೆ, ನಡುವಿನದು ಕೊನೆಯವರೆಗೆ ಇರುವುದರಿಂದ ಬಹಳ ಮಂದಿಗೆ ಗೊತ್ತೇ ಆಗುವುದಿಲ್ಲ ಎಂದರು. ಅವಳಿಗೆ ಈಗ ಕಾಣುವುದು ಕೊಳವೆಯ ಒಳಗಿಂದ ನೋಡಿದಷ್ಟು.

ನನಗೆ ಚೌಕಾಸಿ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. "ಹೋದದ್ದರಾಗ ಎಷ್ಟು ವಾಪಸು ಬರ್ತದ್ರಿ? ಅರ್ಧ ಬಂದ್ರೂ ನಡೀತದ," ಎಂದೆ.

"ಹೋದದ್ದು ಬರುವುದಿಲ್ಲ," ಎಂದರು.

"ಕಾಲು ಭಾಗ?"

"ಇಲ್ಲ. ಉಳಿದದ್ದನ್ನು ಉಳಿಸಿಕೊಳ್ಳೋಣ. ದಿನಾ ತಪ್ಪದೆ ಹನಿ ಹಾಕಬೇಕು."

"ಮಳೆಗಾಲಕ್ಕ ಮೊದಲೇ ಬಂದಿದ್ರ?"

ಡಾಕ್ಟರರು ಕಾಗದದಿಂದ ತಲೆ ಎತ್ತಲಿಲ್ಲ. "ಎಷ್ಟು ಮೊದಲು ಬಂದಿದ್ದರೆ ಅಷ್ಟು ಒಳ್ಳೆಯದಿತ್ತು," ಎಂದರು. ಗೋಣಿಚೀಲದಿಂದ ಹಿಡಿದು ಸಾಗವಾನಿ ಮಂಚದವರೆಗೆ ನಾನು ಇಳಿಸದ ರೇಟಿಲ್ಲ. ಅವತ್ತು ಒಂದು ಕವಡೆಯೂ ಇಳಿಯಲಿಲ್ಲ.

ಆಟೋದಲ್ಲಿ ಬರುವಾಗ ಅವಳ ಎಡಕ್ಕೆ ಕೂತಿದ್ದೆ. ಆಮೇಲೆ ಹೊಳೆಯಿತು, ಅಲ್ಲಿ ಕೂತರೆ ನಾನು ಅವಳಿಗೆ ಕಾಣುವುದಿಲ್ಲ. ಕೈ ಮುಟ್ಟಿ ಕೇಳಿದೆ: "ನನಗ ಬಿಡಿಸಿ ಹೇಳಬಾರದಾಗಿತ್ತೇನು?"

"ವಯಸ್ಸಿಗೆ ಹಿಂಗ ಆಗ್ತದೇನೋ ಅಂದ್ಕೊಂಡೆ," ಎಂದಳು. ತಲೆ ಓರೆ ಮಾಡಿ ನನ್ನನ್ನು ಹುಡುಕಿ ನೋಡಿದಳು. "ಮತ್ತ ನಿಮಗ ಹೇಳಿದ್ರ ಎಲ್ಲಿಂದರ ಸೆಕೆಂಡ್ ಹ್ಯಾಂಡ್ ಚಸ್ಮಾ ತರ್ತಿದ್ರಿ."

ಹೇಳಿ ನಕ್ಕಳು. ನಾನೂ ನಗಲು ಬಾಯಿ ತೆರೆದೆ. ನಗು ಬರಲಿಲ್ಲ, ಯಾಕೆಂದರೆ ತರುತ್ತಿದ್ದೆ. ಖಂಡಿತ ತರುತ್ತಿದ್ದೆ. ಎಂಥ ಅಗ್ಗಕ್ಕೆ ಸಿಕ್ಕಿತೆಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಲೂ ಇದ್ದೆ.

ಮೇಘನಾ ಹೋಗುವ ಮುಂಚೆ ಅಂಗಡಿಗೆ ಬಂದಿದ್ದಳು. ಮೊದಲ ಸಲದ ಎಲ್ಲ ಪರೀಕ್ಷೆಯನ್ನೂ ಕಸದ ಬುಟ್ಟಿಗೆ ಹಾಕಬೇಕಾಯಿತಂತೆ. ಗುತ್ತಿಗೆ ರದ್ದು. "ನಿಮ್ಮಿಂದ ನಮಗೆ ಬೇಕಾಗಿದ್ದದ್ದು ಒಂದೇ ಅಂಕಲ್," ಎಂದಳು. "ನೀವು ಸುಮ್ಮನಿರೋದು." ಕೊಡಬೇಕಾದ್ದರಲ್ಲಿ ಅದೊಂದೇ ಬಿಟ್ಟಿಯದಾಗಿತ್ತು. ಅದನ್ನೇ ನಾನು ಕೊಟ್ಟಿರಲಿಲ್ಲ.

ಸುದ್ದಿ ದೇವದುರ್ಗಕ್ಕೂ ಹೋಯಿತು. ಮಲ್ಲಣ್ಣ ಫೋನ್ ಮಾಡಿ, ಕಟ್ಟಿಗಿ ಒಳಗಿನ ಹುಳ ಕಾಣ್ತಿತ್ತಲ್ಲ ನಿಮಗ ಎಂದಷ್ಟೇ ಹೇಳಿದ. ಅವನಿಗೆ ಅದು ಚುಚ್ಚುಮಾತಾಗಿರಲಿಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟಿದ್ದ. ಅದಕ್ಕೇ ಹೆಚ್ಚು ಚುಚ್ಚಿತು. ಪಾರ್ವತಮ್ಮನಿಗೆ ವಿಷಯ ಹೇಳಿದೆ. ದೌಲತ್ತಿನ ಮಾತಾಡಿದ್ದಕ್ಕೆ ಆಕೆ ಸೆರಗು ಬಾಯಿಗೆ ಹಿಡಿದು ಅತ್ತಳು. ಈಗ ಓಣಿಯಲ್ಲಿ ಸಿಕ್ಕರೆ ಸುತ್ತು ಹಾಕಿ ಶರಣಮ್ಮನ ನೇರ ಎದುರಿಗೆ ಬಂದು ನಿಂತು ಮಾತಾಡಿಸುತ್ತಾಳೆ.

ಹಲ್ಲಿನ ಕುರ್ಚಿಯನ್ನು ಗುಜರಿಯವನಿಗೆ ಕೊಟ್ಟೆ. ಅವನು ಕಬ್ಬಿಣದ ರೇಟು ಹೇಳಿದ. ಆಯಿತು ಒಯ್ಯಿ ಎಂದೆ. ನಾನು ಚೌಕಾಸಿ ಮಾಡದ್ದು ಕಂಡು ಅವನಿಗೆ ಅನುಮಾನ ಬಂತು. ಇದರಲ್ಲಿ ಏನೋ ಮೋಸವಿದೆ ಎಂದು ಕುರ್ಚಿಯನ್ನು ಬೋರಲು ಹಾಕಿ, ಪೆಡಲು ಒತ್ತಿ, ತಟ್ಟೆ ತಿರುವಿ, ಸುತ್ತ ನೋಡಿ, ಕಡೆಗೂ ಒಲ್ಲದ ಮನಸ್ಸಿನಿಂದ ಒಯ್ದ. ಶರಣಮ್ಮ ಬಚ್ಚಲ ಬಾಗಿಲವರೆಗೆ ಹೋಗಿ, ಗೋಡೆ ಮುಟ್ಟಿ, ಖಾಲಿ ಇದೆ ಎಂದು ಖಾತ್ರಿ ಮಾಡಿಕೊಂಡು ಬಂದಳು. ನಾನು ತೆಗೆದೆ ಎಂದರೆ ನಂಬುವ ಕಾಲ ಮುಗಿದಿತ್ತು.

ಇಷ್ಟು ನಷ್ಟ ಮಾಡಿಕೊಂಡವನು ಸಲಹೆ ಕೊಡದೆ ಬಿಟ್ಟರೆ ಅದೂ ನಷ್ಟವೇ. ಕೇಳಿ. ನಿಮ್ಮ ಮನೆಯವರನ್ನು ಒಂದು ದಿನ ಎದುರು ಕೂರಿಸಿ, ಯಾವುದಾದರೂ ಸಣ್ಣ ಕೆಲಸ ಹೇಳಿ. ಫೋನಿನಲ್ಲಿ ಒಂದು ನಂಬರು ಹುಡುಕಲಿ, ಸೂಜಿಗೆ ದಾರ ಪೋಣಿಸಲಿ. ಪಕ್ಕದಲ್ಲಿ ಕೂತು ನೋಡಿ. ಎಲ್ಲಿ ತಡವರಿಸುತ್ತಾರೆ ನೋಡಿ. ಅಲ್ಲಿ, ಇಲ್ಲಿ, ಮೇಲೆ, ಮೂಲೆಯಲ್ಲಿ ಎಂದು ಹೇಳಲು ನಾಲಿಗೆ ತುರಿಸುತ್ತದೆ, ಹೇಳಬೇಡಿ. ಕೆಮ್ಮು ಬಂದರೆ ಎದ್ದು ಹೊರಗೆ ಹೋಗಿ ಕೆಮ್ಮಿ ಬನ್ನಿ. "ನನಗ ಕಾಣಂಗಿಲ್ಲ" ಎಂದರೆ ಅದಕ್ಕೆ ಎದುರು ರೇಟು ಹೇಳಬೇಡಿ, ನೇರ ದವಾಖಾನೆಗೆ ಕರೆದುಕೊಂಡು ಹೋಗಿ. ವರ್ಷಕ್ಕೊಮ್ಮೆ ಕಣ್ಣಿನ ಒತ್ತಡ ನೋಡಿಸಿ, ನೋವಿಲ್ಲದಿದ್ದರೂ ನೋಡಿಸಿ. ಹನಿ ಹಾಕುವ ಹೊತ್ತಿಗೆ ಮನೆಯಲ್ಲಿರಿ, ಗಿರಾಕಿ ಕಾಯುತ್ತಾನೆ.

ಮತ್ತು ಒಂದು ಸೀಮೆಸುಣ್ಣದ ತುಂಡು ತಂದು, ಮನೆಯ ಪ್ರತಿಯೊಂದು ಸಾಮಾನಿನ ಕಾಲಿನ ಸುತ್ತ ನೆಲದ ಮೇಲೆ ಗೆರೆ ಹಾಕಿ. ಇದನ್ನು ಬರೆಯಲು ಕೂತ ಸ್ಟೂಲನ್ನು ನಾನು ಈಗ ಒಯ್ದು ಅದರ ಗೆರೆಯೊಳಗೇ ಇಡಬೇಕು. ಆ ಗೆರೆ ಶರಣಮ್ಮನಿಗಲ್ಲ. ಅದು ಅವಳಿಗೆ ಕಾಣುವುದೂ ಇಲ್ಲ, ಬೇಕಾಗಿಯೂ ಇಲ್ಲ; ಅವಳಿಗೆ ಜಾಗ ಬಾಯಿಪಾಠ. ಗೆರೆ ಇರುವುದು ಎರಡೂ ಕಣ್ಣು ನೆಟ್ಟಗಿರುವ ನನಗೆ.